ಎಣಿಸಿ ವಾಪಸು ಹಾಕುವವಳು

ಕಲಿತು ತಂದ ಕನ್ನಡ ಕಾರವಾರದ ಮೀನುಪೇಟೆಯಲ್ಲಿ
ಮೊದಲ ದಿನವೇ ಕಾಲು ಜಾರಿ ಬಿತ್ತು.
"ಈ ಬಂಗಡೆಗೆ ನಾನು ಎಷ್ಟು ಹಣ ಕೊಡಬೇಕು, ಅಮ್ಮ?" ಎಂದೆ,
ಪುಸ್ತಕದ ಹದಿನಾಲ್ಕನೇ ಪಾಠದಲ್ಲಿ ಇದ್ದ ಹಾಗೆಯೇ.
ಬುಟ್ಟಿಯ ಹಿಂದಿನವಳು ಕೊಂಕಣಿಯಲ್ಲಿ ಏನೋ ಅಂದಳು,
ಪಕ್ಕದವಳು ನಕ್ಕಳು, ಅವಳ ಪಕ್ಕದವಳೂ,
ನಗು ಸಾಲು ಹಿಡಿದು ಹೋಗಿ ಸೀಗಡಿಯವಳ ತನಕ ಮುಟ್ಟಿತು.
ಚೀಲಕ್ಕೆ ಬಂದದ್ದು ಆರು ಬಂಗಡೆ, ಒಂದು ಕೊಸರು.
ಅದರ ದರ ನನಗೆ ಇವತ್ತಿಗೂ ಗೊತ್ತಿಲ್ಲ.

ಪೊಲೀಸ್ ಕಚೇರಿಯ ಗುಮಾಸ್ತರು
ಪಾಸ್‌ಪೋರ್ಟನ್ನು ಅತ್ತ ಇತ್ತ ತಿರುಗಿಸಿ
"ಝುವೇನಾ ಅಂದ್ರೆ?" ಎಂದು ಕೇಳಿದರು.
"ಒಳ್ಳೆಯವಳು."
"ಊರು?"
"ಟಾಂಗಾ."
"ಟಾಂಗಾ ಅಂದ್ರೆ ಕುದುರೆ ಗಾಡಿಯಲ್ಲವಾ?"
ನಮ್ಮಿಬ್ಬರ ನಡುವಿನ ಮೇಜಿನ ಮೇಲೆ
ಸ್ವಲ್ಪ ಹೊತ್ತು ಕುದುರೆ ಓಡಿತು.
ಹೊರಗೆ ಬಂದು ನೋಡಿದರೆ ರಸೀತಿಯಲ್ಲಿ ಸುವರ್ಣಾ.
ತಿದ್ದಿಸಲು ಮೂರು ಸಲ ಹೋದೆ. ಅಷ್ಟರಲ್ಲಿ
ಮನೆಯೊಡತಿಗೆ ಅದೇ ಹಿಡಿಸಿಬಿಟ್ಟಿತ್ತು;
ಕೋಡಿಬಾಗದ ಹಾಲಿನವನಿಗೂ ಇಸ್ತ್ರಿಯವನಿಗೂ
ಈಗ ನಾನು ಸುವರ್ಣಕ್ಕ.

ಬಸ್ಸಿನಲ್ಲಿ ಕಂಡಕ್ಟರು ಕೇಳದೆಯೇ
ಯಲ್ಲಾಪುರದ ಟಿಕೀಟು ಒತ್ತಿದ,
ನನ್ನ ಕೂದಲು ನೋಡಿ ಊರು ಗೊತ್ತುಮಾಡಿಕೊಂಡಿದ್ದ.
"ಅಂಕೋಲೆಗೆ," ಅಂದೆ.
"ಸಿದ್ದಿಯರಲ್ಲವಾ ನೀವು?"
ಅಲ್ಲ ಅನ್ನಲು ಒಂದು ಖಂಡ ಬಿಡಿಸಿ ಹೇಳಬೇಕು,
ಹಿಂದೆ ಜನ ನಿಂತಿದ್ದಾರೆ.
ಹೌದು ಅನ್ನಲು ನನಗೆ ಹಕ್ಕಿಲ್ಲ.
"ಚಿಲ್ಲರೆ ಇದೆ," ಅಂದೆ.
ಅವನಿಗೆ ಅಷ್ಟೇ ಬೇಕಾಗಿತ್ತು.

ಅಂಕೋಲೆಯ ನಿಲ್ದಾಣದಲ್ಲಿ ನಿಜಕ್ಕೂ ಒಬ್ಬಳು ಸಿಕ್ಕಳು,
ಯಲ್ಲಾಪುರದವಳು, ಸೊಂಟದಲ್ಲಿ ಮಗು.
ಇಬ್ಬರೂ ನೋಡಿದೆವು, ಮತ್ತೆ ನೋಡಿದೆವು.
"ಇವನನ್ನ ಹಿಡಿ ಮಾರಾಯ್ತಿ," ಎಂದು ಮಗುವನ್ನು ನನ್ನ ಕೈಗಿಟ್ಟು
ನೀರಿನ ಬಾಟಲಿ ತರಲು ಹೋದಳು.
ಮಗು ನನ್ನ ಜಡೆ ಜಗ್ಗಿತು.
"ಯಾವೂರಾತು?" ಎಂದು ಅವಳು ಬಂದು ಕೇಳುವುದಕ್ಕೂ
ಅವಳ ಬಸ್ಸು ಬರುವುದಕ್ಕೂ ಸರಿಹೋಯಿತು.

ಓದು ಅನ್ನುವುದು ಇದೆಲ್ಲದರ ನಡುವೆ,
ಕಾಳಿಯ ನೀರು ಇಳಿದಾಗ, ಮೊಣಕಾಲು ಕೆಸರಿನಲ್ಲಿ.
ಅರ್ಧ ಮೀಟರಿನ ಕಬ್ಬಿಣದ ಚೌಕ ಬೀಸಿ ಎಸೆಯುತ್ತೇನೆ,
ಬಿದ್ದಲ್ಲಿ ಅಗೆಯುತ್ತೇನೆ,
ಸಿಕ್ಕ ಚಿಪ್ಪಿಗಳನ್ನೆಲ್ಲ ಎಣಿಸಿ, ಅಳೆದು, ವಾಪಸು ಹೂಳುತ್ತೇನೆ.
ಚಿಪ್ಪಿ ಹೆಕ್ಕಲು ಬರುವ ಹೆಂಗಸರು ಮೊದಲ ವಾರ
ಸೊಂಟ ನೆಟ್ಟಗೆ ಮಾಡಿ ನೋಡಿದರು.
ಎರಡನೇ ವಾರ ಚಂದ್ರಭಾಗಕ್ಕ ತಾಂಡೇಲ ಹತ್ತಿರ ಬಂದು,
ಕನ್ನಡದಲ್ಲೇ, ಕಿವುಡರಿಗೆ ಹೇಳುವಷ್ಟು ಬಿಡಿಸಿ:
"ಮಗಾ, ತಿನ್ನೂದಿಲ್ಲ, ಮಾರೂದಿಲ್ಲ.
ಸಮುದ್ರ ದಾಟಿ ಬಂದದ್ದು ಇದಕ್ಕಾ?"
ಫೋನಿನಲ್ಲಿ ಅಮ್ಮನೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದಳು.

ಬೈಯಲು ಕೊಂಕಣಿ ಬಂದಿದೆ, ಚೌಕಾಶಿಗೆ ಕನ್ನಡ,
ಎಣಿಕೆ ಮಾತ್ರ ಇನ್ನೂ ಮನೆಯ ಮಾತಿನಲ್ಲೇ:
ಮೋಜಾ, ಮ್ಬಿಲಿ, ತಾತು, ನ್ನೆ, ತಾನೋ, ಸೀತಾ...
"ನಿಲ್ಲು," ಅಂದರು ಚಂದ್ರಭಾಗಕ್ಕ. "ಆರನೆಯವಳು ಯಾರು?"
"ಸೀತಾ."
"ನಿಮ್ಮಲ್ಲೂ?"
ಅದು ಬರೀ ಆರು, ಅರಬರು ನಮಗೆ ಬಿಟ್ಟುಹೋದ ಆರು
ಎಂದು ಹೇಳಬಹುದಿತ್ತು.
ನೀರು ಏರತೊಡಗಿತ್ತು, ಇನ್ನೂ ಎರಡು ಚೌಕ ಬಾಕಿ.
ಹೂಂ ಅಂದುಬಿಟ್ಟೆ.

ಅವತ್ತಿನಿಂದ ಅವರದು ಐದು ಬುಟ್ಟಿಗೆ, ಒಂದು ಕೆಸರಿಗೆ.
"ಸೀತೆಯನ್ನ ಸಾರಿಗೆ ಹಾಕೂದು ಹ್ಯಾಂಗೆ?" ಎನ್ನುತ್ತ
ಹೆಬ್ಬೆರಳಿನಿಂದ ಒತ್ತಿ ಒಳಗೆ ಕಳಿಸುತ್ತಾರೆ.
"ಅವಳು ಹೋಗೂದೇ ಅಲ್ಲಿಗೆ."
ಉಳಿದ ಹೆಂಗಸರೂ ಈಗ ಹಾಗೆಯೇ,
ಒಬ್ಬಳು ಮಾತ್ರ ಯಾರೂ ನೋಡದಾಗ ಆರನ್ನೂ ಬುಟ್ಟಿಗೆ ಹಾಕುತ್ತಾಳೆ.

ನಾಲ್ಕನೇ ಜಾಗದಲ್ಲಿ ಚಿಪ್ಪಿ ಏಕೆ ಹೆಚ್ಚಾಗುತ್ತಿದೆ,
ಹೋದ ವರ್ಷ ಇರಲಿಲ್ಲವಲ್ಲ, ಎಂದು ಗೈಡು ಕೇಳಿದ್ದಾರೆ.
ಕಾರಣದ ಕಾಲಮ್ಮಿನಲ್ಲಿ
ಉಪ್ಪಿನಂಶ ಎಂದು ಬರೆದಿದ್ದೇನೆ,
ಪೆನ್ಸಿಲಿನಲ್ಲಿ.