ಎರಡು ಗುರುತು

ಪಟ್ಟಕದ ಕನ್ನಡಕ ಅಪ್ಪನ ಮೂಗಿಗೇರಿಸಿದೆ.
ಲೋಕವನ್ನಿಡೀ ಒಂದು ಗೇಣು ಬಲಕ್ಕೆ ಸರಿಸಿಟ್ಟು
ಏನೂ ಆಗಿಲ್ಲವೆಂಬಂತೆ ತೋರಿಸುವ ಗಾಜು.
ಗ್ರೋನಿಂಗನ್ನಿನ ಈ ಪ್ರಯೋಗಶಾಲೆಯಲ್ಲಿ
ಜನ ಹೇಗೆ ನಡೆಯುತ್ತಾರೆಂದು ಅಳೆಯುವುದೇ
ನನಗೆ ಸಂಬಳ ಕೊಡುವ ಕೆಲಸ.
"ಆ ಹಸಿರು ಬಾಗಿಲಿಗೆ, ಅಪ್ಪ. ನೆಟ್ಟಗೆ."

ನೆಟ್ಟಗೇ ಹೊರಟ ಹಿಲ್ಕೆ ವೀರ್ಸ್ಮಾ,
ಎಪ್ಪತ್ತೆರಡು ವರ್ಷ, ಬರೀ ಕಾಲುಚೀಲದಲ್ಲಿ,
ಕೈ ಹಿಂದೆ ಕಟ್ಟಿಕೊಂಡು.
ಚಾವಣಿಯ ಕ್ಯಾಮೆರಾ ಪರದೆಯ ಮೇಲೆಳೆದ ಗೆರೆ
ಹೆದೆಯೇರಿಸಿದ ಬಿಲ್ಲು.

"ಪ್ರತಿ ಹೆಜ್ಜೆ ಬಾಗಿಲಿಗೇ ಇಟ್ಟೆನಲ್ಲ!"
ಹೌದು. ಒಂದು ಹೆಜ್ಜೆಯೂ ಸುಳ್ಳಾಡಿಲ್ಲ,
ಎಲ್ಲ ಕೂಡಿದಾಗ ಮಾತ್ರ ಡೊಂಕು.

ಅವನು ಗೆರೆಯನ್ನೇ ನೋಡಿದ, ಪರಿಚಯದವರ ಮುಖ ನೋಡಿದಂತೆ.
"ಇದಕ್ಕೆ ಕನ್ನಡಕ ಯಾಕೆ ಹುಡುಗಿ?
ಮೊಳಕಾಲುದ್ದ ಸೆಳವಿನಲ್ಲಿ
ಬರೀ ಚರ್ಚಿನ ಗೋಪುರ ನೋಡಿ ನಡೆದವರು
ಹೀಗೇ ತಲುಪುತ್ತಾರೆ.
ತಲುಪಿದರೆ."

ಮೂವತ್ತೊಂದು ವರ್ಷ ಅಪ್ಪ
ಇಳಿತಕ್ಕೆ ಬತ್ತಲಾದ ಕಡಲ ತಳದ ಮೇಲೆ
ಜನರನ್ನು ದ್ವೀಪಕ್ಕೆ ನಡೆಸಿದವನು.
ಆರು ತಾಸು ನೆಲ, ಮತ್ತಾರು ತಾಸು ನೀರು.
ಕಪ್ಪು ಕೆಸರು, ಸೀಪಿ, ತೊಡೆ ಸೋಕುವ ಕಾಲುವೆ,
ಅಲ್ಲಲ್ಲಿ ನೆಟ್ಟ ಬರ್ಚ್ ಕೊಂಬೆ.
"ಕೊಂಬೆಯ ಬೆನ್ನಿಗೆ ದೀಪಸ್ತಂಭ ಅಂಟಿರಬೇಕು.
ನಡುವೆ ಒಂದು ಎಳೆ ಆಕಾಶ ಕಂಡಿತೋ,
ನೀನು ಜಾರಿದೆ."
ಊಟದ ಮೇಜಿನ ಮೇಲೂ ಉಪ್ಪಿನ ಡಬ್ಬಿ, ಹೂಜಿ
ಹಿಂದೆ ಮುಂದೆ ಇಟ್ಟು ಒಂದು ಕಣ್ಣು ಮುಚ್ಚುತ್ತಿದ್ದ.
ಅಮ್ಮ ಉಪ್ಪು ಕೇಳಿದರೆ ಕೊಡಲು ಮನಸ್ಸಿಲ್ಲ.

ನನಗೆ ಹನ್ನೊಂದು. ಜೂನ್. ಹದಿನಾಲ್ಕು ಮಂದಿ.
ಅರ್ಧ ದಾರಿಯಲ್ಲಿ ಕಾವಳ ಇಳಿಯಿತು,
ಹಾಲು ಉಕ್ಕಿ ಒಲೆ ಆರಿದ ಹಾಗೆ, ಸದ್ದಿಲ್ಲದೆ.
ದೀಪಸ್ತಂಭ ಹೋಯಿತು. ಕೊಂಬೆ ಹೋಯಿತು.
ಸ್ವಲ್ಪ ಹೊತ್ತಿಗೆ ನಮಗಿಂತ ಮೊದಲು ಯಾರೋ ನಡೆದುಹೋದ
ಹೆಜ್ಜೆಗಳು ಸಿಕ್ಕವು.
ಬಾಂಧವರೇ ಎಂದು ಕೂಗಲು ಬಾಯಿ ತೆರೆದೆ,
ಅದರಲ್ಲೊಂದು ನನ್ನದೇ ಹರಿದ ಬೂಟಿನದು.
ಅಷ್ಟರಲ್ಲೇ ಅದರ ಹಿಮ್ಮಡಿಯಲ್ಲಿ ನೀರು ತುಂಬುತ್ತಿತ್ತು.

ಅಪ್ಪನ ಕೈಯಲ್ಲಿ ದಿಕ್ಸೂಚಿ ಇತ್ತು.
ಆ ಮುಳ್ಳು ಉತ್ತರ ಹೇಳೀತು,
ಹದಿನಾಲ್ಕು ಜೋಡಿ ಕಾಲಿಗೆ ಯಾರು ಹೇಳಬೇಕು?

ನನ್ನ ಹಳದಿ ಕೋಟಿನ ಗುಂಡಿ ಹಾಕಿ ಒಂದು ಕಡೆ ನಿಲ್ಲಿಸಿದ.
"ಅಲ್ಲಾಡಬೇಡ. ನೀನೀಗ ದೀಪಸ್ತಂಭ."
ಹದಿನೈದು ಹೆಜ್ಜೆ ಮುಂದೆ ಶಾಲಾಮಾಸ್ತರು ಬೆಂತೆಯನ್ನು ನಿಲ್ಲಿಸಿದ.
ಮೂರನೆಯವರು ಮುಂದೆ ಹೋಗಿ ಹಿಂತಿರುಗಿ ನೋಡಿ,
ಎಡಕ್ಕೆ, ಇನ್ನೂ ಎಡಕ್ಕೆ, ಸಾಕು,
ಬೆಂತೆಯ ಹೊಟ್ಟೆಯ ಹಿಂದೆ ನಾನು ಮರೆಯಾಗುವವರೆಗೆ.
ಆಮೇಲೆ ಕೊನೆಯವರು ಸಾಲಿನ ಪಕ್ಕದಲ್ಲೇ ಓಡಿ ಮೊದಲಾಗುವುದು,
ಮತ್ತೆ ಗುರುತಾಗುವುದು.
ಜನರನ್ನೇ ಕಿತ್ತು, ಜನರನ್ನೇ ನೆಟ್ಟು,
ಒಂದು ಗೆರೆಯನ್ನು ದಡದ ಕಡೆ ಉರುಳಿಸಿದೆವು.
ನೀರು ಕಣಕಾಲು, ಮೀನಖಂಡ, ನನಗೆ ಮಂಡಿ.
ಗುರುತು ಅಳಬಾರದೆಂದು ನಾನು ಅಳಲಿಲ್ಲ.
ಕಡಲೊಡ್ಡಿನ ಕುರಿಗಳ ವಾಸನೆ ಮೊದಲು ಬಂತು,
ಆಮೇಲೆ ಕಾಲ್ಬೆರಳಿಗೆ ಕಲ್ಲು.

ಇದನ್ನು ಯಾವ ಪ್ರಬಂಧದಲ್ಲೂ ನಾನು ಬರೆದಿಲ್ಲ.

ಈಗ ಅಪ್ಪ ಕನ್ನಡಕ ತೆಗೆದು
ಬಾಗಿಲ ಹಿಡಿಕೆಗೆ ಕೈ ಚಾಚಿ ಎಡಗಡೆಯ ಗಾಳಿ ಹಿಡಿದ,
ತನ್ನ ಕೈಯನ್ನೇ ನೋಡಿ ನಕ್ಕ.
ಮತ್ತೆ ಏರಿಸಿಕೊಂಡ.
"ಇನ್ನೊಂದು ಸಲ. ನಡುವೆ ಏನಾದರೂ ನಿಲ್ಲಿಸು."
ಕುರ್ಚಿ ತರಲು ಹೊರಟೆ.
"ಕುರ್ಚಿ ಬೇಡ, ನೀನೇ ನಿಲ್ಲು."

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಲ್ಲಾಡಲಿಲ್ಲ.
ಬಂದ,
ನನ್ನ ಪಕ್ಕದ ಖಾಲಿ ಜಾಗವನ್ನೇ ದಿಟ್ಟಿಸುತ್ತ
ಸೀದಾ ನನ್ನ ಬಳಿಗೆ.