ಅವಳು ಬರಲಿ

ಬರ್ನಬಿಯಲ್ಲಿ, ಬೀರು ಪೀಪಾಯಿಗಳ ಹಳೆಯ ಗೋದಾಮಿನೊಳಗೆ
ನಮ್ಮ ನೌಕೆ ಹನ್ನೊಂದು ವರ್ಷ ಹಾರಿತು,
ನೆಲ ಬಿಟ್ಟು ಒಂದಂಗುಲ ಏಳದೆ.
ಮೊದಲ ವರ್ಷ ಕಾಸಿರಲಿಲ್ಲ.
ಒಂಬತ್ತನೇ ಬಾಗಿಲ ಹಿಂದೆ ಕೋಣೆ ಕಟ್ಟಲಿಲ್ಲ;
ಬಡಗಿ ಕೊಸ್ಟ್ಯುಕ್ ಪ್ಲೈವುಡ್ಡಿಗೆ ಕೆಂಪು ಬಳಿದು
ಹಿಡಿಕೆ ಜಡಿದ, ಅಷ್ಟೆ.

ಮುದಿ ಎಂಜಿನಿಯರನ ಪಾತ್ರಕ್ಕೆ ಡನ್‌ಸ್ಟನ್ ಪೆಟ್ರಿ.
ಮಾತು ನೆನಪುಳಿಯದು ಆತನಿಗೆ,
ಚೀಟಿಯಲ್ಲಿ ಬರೆದು ಬಾಗಿಲಿಗೇ ಅಂಟಿಸುತ್ತಿದ್ದೆವು.
ಆ ದಿನ ಅವನ ಕನ್ನಡಕ ನನ್ನ ಕೈಯಲ್ಲಿತ್ತು.
ಮೂಗಿನ ಪೌಡರು ಗಾಜಿಗೆ ಮೆತ್ತಿ
ತೊಳೆಯಲು ಒಯ್ದಿದ್ದೆ.
ಕ್ಯಾಮೆರಾ ಓಡಿತು. ಕ್ಯಾಪ್ಟನ್ ಹುಡುಗಿ ಕೇಳಿದಳು:
"ಇದನ್ನು ತೆರೆಯೋಣವೇ?"
ಚೀಟಿಯ ಕಡೆ ಕಣ್ಣು ಕಿರಿದಾಗಿಸಿ ನೋಡಿದ,
ಬಾಗಿಲ ಮೇಲೆ ಅಂಗೈ ಇಟ್ಟ,
"ಈಗ ಬೇಡ," ಅಂದ. "ಅವಳು ಬರಲಿ."

ನಾನು ಬಂದೆ. ಕನ್ನಡಕ ಕೊಟ್ಟೆ.
ಅಷ್ಟರಲ್ಲಿ ಎಲ್ಲರನ್ನೂ ಊಟಕ್ಕೆ ಬಿಟ್ಟಿದ್ದರು.

ಯಾರವಳು?
ಸಸ್ಕಟೂನಿನ ಲಾರಿ ಡ್ರೈವರ್ ಕಾಗದ ಬರೆದ: ಸತ್ತ ಹೆಂಡತಿ.
ವಿನಿಪೆಗ್ಗಿನ ಹುಡುಗಿಯೊಬ್ಬಳು ನಕಾಶೆಯನ್ನೇ ಕಳಿಸಿದಳು,
ಅವಳು ಹೆಂಗಸಲ್ಲ, ಗ್ರಹವೆಂದು.
ಮೊದಲ ಲೇಖಕಿ ಅವಳನ್ನು ತಂಗಿ ಮಾಡಿ
ಕೆಲಸ ಬಿಟ್ಟಳು; ಎರಡನೆಯವನು
ಬಿಳಿ ಹಲಗೆಯ ತುಂಬ ಬಾಣ ಬರೆದಿದ್ದ,
ರಾತ್ರಿ ಕಸ ಗುಡಿಸುವವರು ಒರೆಸಿಬಿಟ್ಟರು.
ಅಷ್ಟು ಹೊತ್ತಿಗೆ ನಾನು ಲೆಕ್ಕದ ಪುಸ್ತಕಕ್ಕೆ ಬಡ್ತಿ ಪಡೆದಿದ್ದೆ:
ಯಾರ ಗಾಯ ಯಾವ ಕೆನ್ನೆಗೆ,
ಯಾವ ಸೂರ್ಯ ಯಾವ ಸಂಚಿಕೆಯಲ್ಲಿ ಆರಿದ,
ಕೊಟ್ಟ ಮಾತು, ತೀರದ ಬಾಕಿ.
ಪ್ರತಿ ವರ್ಷ ಪುಟದ ತುದಿಗೆ ಅದೇ ಸಾಲು:
ಬಾಗಿಲು ೯. ಅವಳು. ಬಾಕಿ.
ಹೇಳಬಹುದಿತ್ತು. ಹೇಳಲಿಲ್ಲ.
ನಾಚಿಕೆಯೋ, ಜಂಬವೋ.
ಅಷ್ಟು ಜನ ಕಾದಿರುವಾಗ ಒದ್ದೆ ಕನ್ನಡಕ ಹಿಡಿದು
ಹೇಗೆ ಎದುರು ನಿಲ್ಲಲಿ?

ಎಂಟನೇ ವರ್ಷ ಪೆಟ್ರಿ ತೀರಿಕೊಂಡ.
ಸತ್ತವರ ಮಾತಿಗೆ ಬಡ್ಡಿ ಹೆಚ್ಚು.

ಕೊನೆಯ ಸಂಚಿಕೆಯಲ್ಲಿ ತೆರೆದರು.
ಹಸಿರು ಬೆಳಕು, ಹೊಗೆ, ನೀಲಿ ನಿಲುವಂಗಿಯ ರಾಣಿ;
ಕಾಲದ ಆಚೆ ದಡದಿಂದ ಬಂದಳಂತೆ.
ಯಾಕೆ, ಹೇಗೆ ಎಂಬುದನ್ನೆಲ್ಲ ಒಂದು ರೋಬೋ
ನಲವತ್ತು ಸೆಕೆಂಡಿನಲ್ಲಿ ಗಿಳಿಪಾಠ ಒಪ್ಪಿಸಿತು.
ಕೊಸ್ಟ್ಯುಕ್ ಪಕ್ಕದಲ್ಲಿ ನಿಂತು ಗೊಣಗಿದ:
"ಹಿಂದಿನ ಪಾರ್ಕಿಂಗ್ ಜಾಗವೇ ಚೆನ್ನಾಗಿತ್ತು."

ಬಾಕಿ ಹೊಡೆದುಹಾಕಿದೆ. ಪೆನ್ನು ಮುಚ್ಚುವಾಗ ಕಂಡಿತು:
ರಾಣಿಯ ಎಡಗೈಯಲ್ಲಿ ಉಂಗುರ,
ಮುಂದಿನ ಶಾಟಿನಲ್ಲಿ ಬಲಗೈಯಲ್ಲಿ.
ಯಾರಿಗೂ ಹೇಳಲಿಲ್ಲ.
ವಿನಿಪೆಗ್ಗಿನಲ್ಲಿ ಆ ಹುಡುಗಿ, ಈಗ ಹೆಂಗಸು,
ಟೀವಿ ನಿಲ್ಲಿಸಿ ಹತ್ತಿರ ಬಾಗಿರುತ್ತಾಳೆ.