ಹೋಗೋರು ಯಾರ್ರೀ?

ಇಪ್ಪತ್ತೊಂಬತ್ತು ವರ್ಷ ಅವನನ್ನೇ ಪಾಠ ಮಾಡಿದೆ,
ಏಳುನೂರು ಪುಟದ ಆ ಜರ್ಮನಿಯ ಗಡ್ಡದವನನ್ನು.
ದುಃಖವೆಂದರೆ ಯೋಚನೆಯಲ್ಲಾದ ಲೆಕ್ಕದ ತಪ್ಪು
ಎಂದವನು. ಪರೀಕ್ಷೆಯಲ್ಲಿ
ಹತ್ತು ಅಂಕಕ್ಕೆ ತಪ್ಪದೆ ಬರುತ್ತಿದ್ದ.

ಅವನೊಂದು ಹಾಡು ಕಟ್ಟಿದ್ದನೆಂದು ತಿಳಿದದ್ದು
ವಿಭಾಗದ ಬೀರು ಖಾಲಿ ಮಾಡಿದ ದಿನ.
ಪುಸ್ತಕದ ರಟ್ಟಿಗೆ ಅಂಟಿಕೊಂಡ ಕೊನೆಯ ಹಾಳೆ:
ಐದೈದು ಗೆರೆ, ಮೇಲೆ ಕೆಳಗೆ
ಬೆಲ್ಲದ ದಾರಿ ತಪ್ಪಿದ ಇರುವೆಗಳು.
ಅಡಿಯಲ್ಲೊಂದು ಸಾಲು,
ನನ್ನ ಹರುಕು ಜರ್ಮನ್ನಿಗೂ ಎಟುಕಿದ್ದು:
'ಊರಿಗೆ ಹೊರಟ ಅಡುಗೆಯ ಹೆಡ್ವಿಗ್‌ಗೆ, ವಿದಾಯ.'

ಏಳುನೂರು ಪುಟದಲ್ಲಿ
ಎಲ್ಲಿಯೂ ಅಡುಗೆಮನೆ ಇರಲಿಲ್ಲ.

ಬರುವ ಜೂನಿನಿಂದ ನಮ್ಮಲ್ಲಿ ತತ್ವಶಾಸ್ತ್ರವಿಲ್ಲ.
ಇದ್ದವಳೊಬ್ಬಳೇ, ಹುಲಿಗೆಮ್ಮ,
ದಿನಾ ಮಾನ್ವಿಯಿಂದ ಬಸ್ಸಿಗೆ ಬಂದು
ಮೊದಲ ಬೆಂಚು ಬಿಟ್ಟು ಮೂರನೆಯದರಲ್ಲೇ ಕೂರುವವಳು.
ಕೊನೆಯ ಪೇಪರು ಬರೆದಳು. ಮುಗಿಯಿತು.
ಕಂಪ್ಯೂಟರಿನವರು ಟೇಪು ಹಿಡಿದು
ಗೋಡೆ ಅಳೆದು ಹೋಗಿದ್ದಾರೆ.

ಹಾಳೆ ಮಡಚಿ ಜೇಬಿಗಿಟ್ಟು
ರಾಯಚೂರಿನ ಆ ಮೂರು ಗಂಟೆಯ ಬಿಸಿಲಲ್ಲಿ
ಸ್ಟೇಶನ್ ರಸ್ತೆಯ ಚರ್ಚಿಗೆ ಹೋದೆ.
ಎಸ್ತೇರಮ್ಮ ಕನ್ನಡಕ ಒರೆಸಿ, ಹಾರ್ಮೋನಿಯಂ ತಿದಿ ಎಳೆದು
ಒಂದೊಂದೇ ಸ್ವರ ಹೆಕ್ಕಿದಳು,
ಅಕ್ಕಿಯೊಳಗಿನ ಕಲ್ಲು ಆರಿಸಿದ ಹಾಗೆ.
"ಕೊನಿಗೆ ಎರಡು ಮನಿ ಹುಳ ತಿಂದಾವ, ಸರ್.
ಇಲ್ಲಿಗೆ ನಿಲ್ಲಂಗಿಲ್ಲ ಇದು. ನಿಂತ್ರ ಕುಂಟ್ತದ."

ತೀನ್ ಕಂದೀಲ್ ಹತ್ತಿರ ಬ್ಯಾಂಡಿನವರ ಅಂಗಡಿ.
ಮೊಳೆಗೆ ನೇತುಬಿದ್ದ ಕೆಂಪು ಕೋಟುಗಳು, ಮೈಯಿಲ್ಲದವು.
ಎಸ್ತೇರಮ್ಮ ಗುನುಗಿದ್ದನ್ನು ಫೋನಿನಲ್ಲಿ ಎರಡು ಸಲ ಕೇಳಿ
ಮೌಲಾಲಿ ಕ್ಲಾರಿನೆಟ್ಟಿನ ನಾಲಿಗೆ ನೆನೆಸಿದ.
"ಹೋಗೋರು ಯಾರ್ರೀ? ಮದುಮಗಳೋ, ಹೆಣನೋ?
ರೇಟು ಬ್ಯಾರೆ ಬ್ಯಾರೆ ಅದಾವ."

ಒಂದು ವಿಭಾಗ ಎನ್ನಲೇ? ನಾನು ಎನ್ನಲೇ?
ಗಂಟಲಿಗೆ ಬಂದದ್ದು ಬೇರೆಯೇ:
"ಒಬ್ಬಾಕಿ ಅಡಿಗಿ ಹೆಣ್ಮಗಳು. ಊರಿಗೆ ಹೊಂಟಾಳ."
ಅವನು ತಲೆಯಾಡಿಸಿದ, ಅಂಥವರನ್ನು ಬಲ್ಲವನಂತೆ.
"ಕೊನಿ ಸಿಕ್ಕಿಲ್ಲ" ಎಂದೆ.
"ಕೊನಿ ಯಾಕ್ರೀ? ನಾವು ಎಂದರ ಕೊನಿ ಬಾರಿಸೀವೇನು?
ಕಾರು ತಿರುವು ದಾಟಿತಂದ್ರ ಬಾಯಿ ತೆಗಿತೀವಿ,
ಎಲ್ಲಿಗೆ ಬಂದಿರ್ತದೋ ಅಲ್ಲೇ."

ಬೀಳ್ಕೊಡುಗೆ. ಶಾಲು, ಮಂಡಕ್ಕಿ, ಮಿರ್ಚಿ.
ನನ್ನ ಹೆಸರಿಗೆ ಬೇರೆ ಯಾರದೋ ಇನಿಶಿಯಲ್ ಸೇರಿಸಿ
ಪ್ರಿನ್ಸಿಪಾಲರು ಮಾತಾಡಿದರು. ಕರೆಂಟು ಹೋಯಿತು.
ಮೈಕಿಲ್ಲದ ವರಾಂಡದಲ್ಲಿ ಮೌಲಾಲಿ ಶುರು ಮಾಡಿದ.

ಚಳಿಯ ದೇಶದ ರಾಗ. ನಮ್ಮ ಬಿಸಿಗೆ
ಸ್ವಲ್ಪ ಸೊಟ್ಟಗಾಗಿತ್ತು.
ಯಾರದೋ ಪಾತ್ರೆ ತೊಳೆದ ಸದ್ದು ಅದರೊಳಗಿತ್ತು,
ತೊಳೆದು ಬೋರಲು ಹಾಕಿದ ಮೇಲಿನ
ಸದ್ದಿಲ್ಲದಿರುವಿಕೆಯೂ.
ಅಷ್ಟು ವರ್ಷ ಪಾಠ ಮಾಡಿದವನು
ಮೊದಲ ಸಲ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

ಐದು ಗಂಟೆಯ ಬಸ್ಸಿಗೆ ಹುಲಿಗೆಮ್ಮ ಎದ್ದಳು.
ಸನ್ನೆಯಲ್ಲೇ ಹೊರಡುತ್ತೇನೆಂದಳು,
ಬೇವಿನ ನೆರಳು ದಾಟಿ, ಗೇಟು ದಾಟಿ,
ಟೀ ಡಬ್ಬಿಯ ಹಿಂದೆ ತಿರುಗಿದಳು.

ಮೌಲಾಲಿ ಕ್ಲಾರಿನೆಟ್ ಬಾಯಿಂದ ತೆಗೆದ.

ಚಪ್ಪಾಳೆ ಯಾವಾಗ ಹೊಡೆಯಬೇಕೆಂದು
ಯಾರಿಗೂ ಗೊತ್ತಾಗಲಿಲ್ಲ.
ಆಮೇಲೆ ಮೆಟ್ಟಿಲ ಮೇಲೆ, ಎಂಜಲು ಕೊಡವುತ್ತ, ಮೆಲ್ಲಗೆ:
"ಮದುಮಗಳದೇ ರೇಟು ಹಚ್ಚೀನಿ, ಸರ್."
ಕೊಟ್ಟದ್ದನ್ನು ಎಣಿಸದೆ ಜೇಬಿಗಿಟ್ಟುಕೊಂಡ.